ಮೂರು ಬೆರಳಗಲ

ಮಂಗಳವಾರ, ಮಧ್ಯಾಹ್ನ
ಅಂಗಡಿಯಿಂದ

ಮಸಿಗೈ ಮಗಳಿಗೆ,

ನಿನ್ನ ಅಮ್ಮನ ಆಶೀರ್ವಾದ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಇರುವುದೇ ಇಬ್ಬರು. ನಿಮ್ಮಪ್ಪ ಕ್ಷೇಮವಾಗಿದ್ದಾರೆ, ಅವರಿಗೇನು. ನನ್ನ ಕ್ಷೇಮದ ವಿಷಯ ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ.

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಮ್ಮ ರಾಜಿಗೆ ಬಂದಳು ಎಂದು ಮಾತ್ರ ತಿಳಿಯಬೇಡ. ಇದು ದೂರು, ನಿಮ್ಮಪ್ಪನ ಮೇಲಿನ ದೂರು. ದೇವರಿಗೆ ಹೇಳಿದ್ದಾಯಿತು, ಆತ ಕೇಳಿಸಿಕೊಂಡು ಸುಮ್ಮನಿದ್ದಾನೆ. ಪಕ್ಕದ ಅಂಗಡಿಯ ಟೈಲರಮ್ಮನಿಗೆ ಹೇಳಿದೆ, ಅವಳು ಕೇಳಿಸಿಕೊಂಡು ಸುಮ್ಮನಿರಲಿಲ್ಲ. ಉಳಿದವಳು ನೀನೊಬ್ಬಳೇ. ಹಳ್ಳಿ ಶಾಲೆಯ ಏಳನೇ ಕ್ಲಾಸಿನ ಅಕ್ಷರ ನನ್ನದು. ತಪ್ಪಿದ್ದಲ್ಲಿ ಹೊಂದಿಸಿಕೊಂಡು ಓದು.

ಹೋದ ಶುಕ್ರವಾರ ಬೆಳಿಗ್ಗೆ ನಿಮ್ಮಪ್ಪ ಒಂದು ಚಿತ್ರ ತಂದು ನನ್ನ ಮೇಜಿನ ಮೇಲಿಟ್ಟರು. ಗಾಜು ಕೂರಿಸಿ ಕಟ್ಟು ಹಾಕಬೇಕು, ಗುರುವಾರ ಒಯ್ದು ಕೊಡಬೇಕು ಎಂದರು. ಅದರಲ್ಲೇನು, ದಿನಾ ಮಾಡುವ ಕೆಲಸ ಎನ್ನುತ್ತೀಯ. ಆದರೆ ಚಿತ್ರದ ಸುತ್ತ ಇಡುವ ರಟ್ಟನ್ನು ಅವರೇ ಕೊಯ್ದು, ಚಿತ್ರವನ್ನು ಅದರ ಹಿಂದೆ ಇಟ್ಟು, ನಾಲ್ಕೂ ಕಡೆ ಟೇಪು ಅಂಟಿಸಿ ತಂದಿದ್ದರು. ಅಂಗಡಿ ಶುರುವಾದಾಗಿನಿಂದ ಚಿತ್ರ ಕಾಣುವಷ್ಟು ರಟ್ಟಿಗೆ ಕಿಟಕಿ ಕೊಯ್ಯುವವಳು ನಾನು. ಗಾಜು ಅವರ ಬಲಗೈ ಹೆಬ್ಬೆರಳಿನ ಉಗುರನ್ನು ಎರಡು ಸೀಳು ಮಾಡಿದ ಮೇಲೆ ಆ ಕೈಗೆ ನೇರ ಗೆರೆ ಬಂದೇ ಇಲ್ಲ. ಈ ಕಿಟಕಿಯೂ ಹಾಗೇ ಇತ್ತು, ಎಡಗಡೆ ಸರಿ, ಬಲಗಡೆ ಸೊಟ್ಟ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ರಟ್ಟಿನ ಹಿಂದಿನಿಂದ ಬೆರಳಾಡಿಸಿದೆ. ಉಳಿದ ಮೂರು ಕಡೆ ಚಿತ್ರದ ಅಂಚು ಉಗುರಗಲ ಮಾತ್ರ ರಟ್ಟಿನ ಅಡಿಗೆ ಹೋಗಿದೆ, ಎಲ್ಲ ಚಿತ್ರಕ್ಕೂ ಹೋಗುವ ಹಾಗೆ. ಬಲಗಡೆ ಮಾತ್ರ ಭರ್ತಿ ಮೂರು ಬೆರಳಗಲ ಒಳಗೆ ಮುಚ್ಚಿಹೋಗಿದೆ.

ಒಬ್ಬರು ಬರೆದದ್ದನ್ನು ಮೂರು ಬೆರಳಗಲ ಮುಚ್ಚುವುದು ಎಲ್ಲಾದರೂ ಉಂಟೇ? ಕೇಳಿದೆ. "ಗಿರಾಕಿ ಹೀಗೇ ಬೇಕು ಅಂದ್ರು ಕಣೇ." ಯಾವ ಗಿರಾಕಿ ಎಂದೆ. "ದೂರದವರು." ಹೆಸರೇನು ಎಂದೆ. "ಕೇಳೋದು ಮರೆತೆ." ಒಡೆದ ಗಾಜಿನ ಚೂರಿಗೂ ಹೆಸರು ಬರೆದು ಚೀಟಿ ಅಂಟಿಸುವ ಮನುಷ್ಯ, ಇಷ್ಟು ದೊಡ್ಡ ಚಿತ್ರಕ್ಕೆ ಚೀಟಿಯೇ ಇಲ್ಲ! ಸರಿ, ಕೊಡಿ, ಗಾಜು ಕೂರಿಸುತ್ತೇನೆ ಎಂದರೆ ಅದೂ ಬೇಡವಂತೆ. "ಮಸಿ ಇನ್ನೂ ಹಸಿ ಇದೆ, ನಾಲ್ಕು ದಿನ ಗೋಡೆ ಮೇಲಿರಲಿ" ಎಂದು ನನ್ನ ಮೇಜಿನ ಎದುರಿಗೇ, ನನ್ನ ಕಣ್ಣಿನ ಮಟ್ಟಕ್ಕೆ ತೂಗುಹಾಕಿದರು. ಅವರು ಆಚೆ ಹೋದ ಮೇಲೆ ಬೆರಳು ಒದ್ದೆ ಮಾಡಿಕೊಂಡು ಒಂದು ಮೂಲೆ ಮುಟ್ಟಿ ನೋಡಿದೆ. ಮಸಿ ಒಣಗಿ ತಿಂಗಳಾಗಿತ್ತು.

ಸಂಜೆಯೊಳಗೆ ಎರಡು ಸಲ ಕೇಳಿದರು, "ಹೇಗಿದೆ ಕಣೇ ಚಿತ್ರ?" ಇಪ್ಪತ್ತೇಳು ವರ್ಷದಲ್ಲಿ ಈ ಅಂಗಡಿಯಿಂದ ಸಾವಿರಾರು ಚಿತ್ರ ಹೋಗಿವೆ. ಒಂದಕ್ಕೂ ಅವರು ನನ್ನನ್ನು ಹೀಗೆ ಕೇಳಿರಲಿಲ್ಲ.

ಹೇಗಿತ್ತು ಎಂದು ಅವರಿಗೆ ಹೇಳಲಿಲ್ಲ. ನಿನಗೆ ಹೇಳುತ್ತೇನೆ.

ಬರೀ ಕಪ್ಪು ಮಸಿ, ಬಣ್ಣವಿಲ್ಲ. ಒಂದು ಸಣ್ಣ ಕೋಣೆ. ನೆಲದ ಮೇಲೆ ಗಂಡಸೊಬ್ಬ ಬನಿಯನ್ನಿನಲ್ಲಿ ಕೂತಿದ್ದಾನೆ. ಬೆನ್ನು ಅರ್ಧ ನಮ್ಮ ಕಡೆಗೆ, ತಲೆ ಬಗ್ಗಿದೆ, ಮುಖ ಕಾಣುವುದಿಲ್ಲ. ಅವನ ಮೊಣಕಾಲುಗಳ ನಡುವೆ ಮೂರೋ ನಾಲ್ಕೋ ವರ್ಷದ ಹೆಣ್ಣುಮಗು, ಈಗಷ್ಟೇ ಸ್ನಾನವಾಗಿದೆ. ಟವಲಿನಿಂದ ಅದರ ತಲೆ ಒರೆಸುತ್ತಿದ್ದಾನೆ. ಹಿಂದೆ ಮಂಚದ ಮೇಲೆ ಒಂದು ಕೂಸು ಬೋರಲು ಮಲಗಿದೆ, ಹೊದಿಕೆಯಿಂದ ಒಂದು ಅಂಗಾಲು ಮಾತ್ರ ಆಚೆ ಬಂದಿದೆ. ಹಗ್ಗದ ಮೇಲೆ ಪುಟ್ಟ ಬಟ್ಟೆಗಳು. ನೆಲದ ಮೇಲೆ ಬಾತುಕೋಳಿ ಆಕಾರದ ಒಂದು ತಲೆ ಕ್ಲಿಪ್ಪು. ಇಷ್ಟೇ.

ಇಷ್ಟೇ ಎಂದು ಬರೆದೆ, ಆದರೆ ಶುಕ್ರವಾರವೆಲ್ಲ ನನ್ನ ಕೈಯಲ್ಲಿ ಒಂದು ಕಟ್ಟೂ ಪೂರ್ತಿಯಾಗಲಿಲ್ಲ. ಮಗುವಿನ ಒದ್ದೆ ಕೂದಲನ್ನೇ ನೋಡು. ಅದನ್ನು ಮಸಿ ಹಾಕಿ ಬರೆದಿಲ್ಲ, ಮಸಿ ಬಿಟ್ಟು ಬರೆದಿದೆ. ಕಪ್ಪಿನ ನಡುವೆ ಎಳೆ ಎಳೆಯಾಗಿ ಕಾಗದವನ್ನು ಖಾಲಿ ಬಿಟ್ಟು, ಅದೇ ನೀರಾಗಿ ಹೊಳೆಯುತ್ತದೆ. ಕೂಸಿನ ಅಂಗಾಲಿಗೆ ಒಂದೇ ಒಂದು ಗೆರೆ. ಹಿಮ್ಮಡಿಯಿಂದ ಹೊರಟು, ಐದು ಬೆರಳನ್ನೂ ಸುತ್ತಿ, ಪೆನ್ನು ಎತ್ತದೆ ಹಿಮ್ಮಡಿಗೇ ಬಂದು ಸೇರಿದೆ. ಎರಡನೇ ಸಲ ತಿದ್ದಿಲ್ಲ. ಆ ಅಂಗಾಲನ್ನು ಕೈಯಲ್ಲಿ ಹಿಡಿದು ಗೊತ್ತಿರುವವರು ಮಾತ್ರ ಹಾಗೆ ಬರೆಯಬಲ್ಲರು. ಟವಲಿಗೆ ಗೀಚಿದ ಹಾಗೆ ಅವಸರದ ಗೆರೆಗಳು, ಒರೆಸುವ ಕೈ ಅಲುಗಾಡುತ್ತಿದೆಯಲ್ಲ, ಅದಕ್ಕೆ.

ಗಂಡಸಿನ ಕತ್ತಿನ ಹಿಂಭಾಗಕ್ಕೆ ಬಂದಾಗ ಮಾತ್ರ ಪೆನ್ನು ನಿಧಾನವಾಗಿದೆ. ಪೆನ್ನು ನಿಧಾನವಾದರೆ ಕಾಗದ ಮಸಿಯನ್ನು ಹೆಚ್ಚು ಕುಡಿಯುತ್ತದೆ, ಗೆರೆ ಸ್ವಲ್ಪ ಊದಿಕೊಳ್ಳುತ್ತದೆ. ನನಗೆ ಚಿತ್ರ ಬರೆಯಲು ಬಾರದಿದ್ದರೂ ಇಷ್ಟು ವರ್ಷ ಬರೆದವರ ಗೆರೆ ನೋಡಿ ಇಷ್ಟು ಕಲಿತಿದ್ದೇನೆ. ಆ ಬಗ್ಗಿದ ಕತ್ತಿನ ಮೇಲೆ ಯಾರದೋ ಕಣ್ಣು ಬಹಳ ಹೊತ್ತು ನಿಂತಿದೆ. ಅಷ್ಟು ಪ್ರೀತಿಯಿಂದ ಯಾರೂ ಪರರ ಮನೆಯ ಗಂಡಸಿನ ಕತ್ತು ನೋಡುವುದಿಲ್ಲ.

ಆ ಚಿತ್ರದಲ್ಲಿ ಹೆಂಗಸಿಲ್ಲ. ಹಾಗಾದರೆ ಬರೆದವಳೇ ಆ ಮನೆಯ ಹೆಂಗಸು ಎಂದುಕೊಂಡೆ. ಎದುರಿಗೆ ನೆಲದ ಮೇಲೇ ಕೂತು ಬರೆದಿದ್ದಾಳೆ, ಮಂಚದ ಕಾಲಿನ ಎತ್ತರ ನೋಡಿದರೆ ಗೊತ್ತಾಗುತ್ತದೆ. ಆಗಿನ್ನೂ ನನಗೆ ಅನುಮಾನವಿರಲಿಲ್ಲ. ಯಾವುದೋ ಪುಣ್ಯವಂತರ ಮನೆ, ದೇವರು ತಣ್ಣಗಿಡಲಿ ಎಂದು ಹಾರೈಸಿದೆ ಕೂಡ.

ಒಂದೇ ಒಂದು ಸಂಗತಿ ಕಣ್ಣಿಗೆ ಚುಚ್ಚುತ್ತಿತ್ತು. ಆ ಮಗು ಟವಲಿನ ಅಂಚಿನಿಂದ ಬಲಗಡೆಗೆ ನೋಡುತ್ತಿದೆ. ಒಂದು ಕಣ್ಣು ಬಿಗಿಯಾಗಿ ಮುಚ್ಚಿದೆ, ಇನ್ನೊಂದು ತೆರೆದಿದೆ, ತುಟಿಯಲ್ಲಿ ತುಂಟ ನಗು. ಯಾರಿಗೋ ಕಣ್ಣು ಹೊಡೆಯುತ್ತಿದೆ. ಆ ಯಾರೋ ಇರುವುದು ಮೂರು ಬೆರಳಗಲದ ರಟ್ಟಿನ ಅಡಿಯಲ್ಲಿ.

ಶನಿವಾರ ಟೈಲರಮ್ಮ ಕತ್ತರಿ ಕೇಳಲು ಬಂದವಳು ಚಿತ್ರದ ಮುಂದೆ ನಿಂತಳು. ಅವಳ ಕಣ್ಣು ಹೊಲಿಗೆಯ ಮೇಲೆ ತಾನೆ ಹೋಗುವುದು. "ಅಕ್ಕಾ, ಈ ಬನಿಯನ್ನಿನ ಭುಜದ ಮೇಲೆ ತೇಪೆ ನೋಡಿದ್ರಾ? ನಕ್ಷತ್ರದ ಥರ ಹೊಲಿದಿದ್ದಾರೆ. ಈ ಊರಲ್ಲಿ ಹಂಗೆ ಹೊಲಿಯೋರು ಒಬ್ಬರೇ ಇರೋದು, ನಾನು ನಿಮಗೆ ಎಷ್ಟು ಸಲ ಬೈದಿಲ್ಲ ಅದಕ್ಕೆ!" ಎಂದಳು. ಆಮೇಲೆ ಬಾಯಿ ಮುಚ್ಚಿಕೊಂಡಳು. ಆಮೇಲೆ ತೆರೆದಳು. "ಯಜಮಾನ್ರು ಗುರುವಾರ ಗುರುವಾರ ಎಲ್ಲಿಗೆ ಅಕ್ಕಾ ಹೋಗೋದು?"

ನಾನು ಅವಳಿಗೆ ಕತ್ತರಿ ಕೊಟ್ಟು ಕಳಿಸಿದೆ. ಕುರ್ಚಿ ಎಳೆದುಕೊಂಡು ಚಿತ್ರದ ಹತ್ತಿರ ಕೂತೆ. ಟವಲು ಹಿಡಿದ ಬಲಗೈ ನೋಡಿದೆ. ಹೆಬ್ಬೆರಳಿನ ಉಗುರಿನ ನಡುವೆ ಒಂದು ಗೆರೆ, ಕೂದಲೆಳೆಯಷ್ಟು ಸಣ್ಣದು. ಉಗುರು ಎರಡು ಸೀಳು.

ಮಗಳೇ, ಗಂಡನ ಹೆಬ್ಬೆರಳನ್ನು ಇನ್ನೊಬ್ಬಳು ಅಷ್ಟು ಚೆನ್ನಾಗಿ ಬರೆದದ್ದನ್ನು ನೋಡುವ ಹೊತ್ತು ಯಾರಿಗೂ ಬರುವುದು ಬೇಡ. ಬಾಗಿಲು ತೆರೆಯಬೇಕಾದರೂ ಅಂಗಿ ಹುಡುಕುವ ಮನುಷ್ಯ, ಯಾರ ಮನೆಯಲ್ಲಿ ಬನಿಯನ್ನಿನಲ್ಲಿ ಕೂತರು?

ಆಗ ಒಂದೊಂದೇ ನೆನಪಿಗೆ ಬಂತು. ಮರದ ಪಟ್ಟಿ ತರಲು ಮಿಲ್ಲಿಗೆ ಮುಂಚೆ ತಿಂಗಳಿಗೊಮ್ಮೆ ಹೋಗುತ್ತಿದ್ದವರು ಒಂದೂವರೆ ವರ್ಷದಿಂದ ಪ್ರತಿ ಗುರುವಾರ ಹೋಗುತ್ತಿದ್ದಾರೆ. ಅಟ್ಟದ ಮೇಲೆ, ಮಂಚದ ಕೆಳಗೆ, ಎಲ್ಲೆಲ್ಲೂ ಪಟ್ಟಿ. ಅಷ್ಟು ಪಟ್ಟಿಗೆ ಕಟ್ಟು ಹಾಕುವಷ್ಟು ಚಿತ್ರ ಈ ಊರಲ್ಲೇ ಇಲ್ಲ. ಗುರುವಾರ ಸಂಜೆ ಬಂದಾಗ ಅಂಗಿಯ ತೋಳು ಒದ್ದೆ. ಮಿಲ್ಲಿನಿಂದ ಬಂದವರ ಮೈಯಲ್ಲಿ ಮರದ ಹೊಟ್ಟಿನ ವಾಸನೆ ಬರಬೇಕು ತಾನೆ? ಸೋಪಿನ ವಾಸನೆ, ಅದೂ ಮಕ್ಕಳ ಸೋಪು. ಹೋದ ತಿಂಗಳು ಅಂಗಿ ಒಗೆಯುವಾಗ ಜೇಬಿನಲ್ಲಿ ಹಳದಿ ಬಾತುಕೋಳಿಯ ಕ್ಲಿಪ್ಪು ಸಿಕ್ಕಿತ್ತು. ಕೇಳಿದ್ದಕ್ಕೆ "ದಾರೀಲಿ ಬಿದ್ದಿತ್ತು, ಚೆನ್ನಾಗಿದೆ ಅಂತ ಎತ್ಕೊಂಡೆ" ಎಂದಿದ್ದರು. ಐವತ್ತೆಂಟು ವರ್ಷದ ಬೋಳುತಲೆಗೆ ಕ್ಲಿಪ್ಪು ಯಾಕೆ ಎಂದು ನಾನೇ ನಕ್ಕಿದ್ದೆ. ಅದನ್ನು ಡಬ್ಬಿಯಿಂದ ತೆಗೆದು ಚಿತ್ರದ ನೆಲದ ಮೇಲೆ ಬಿದ್ದದ್ದರ ಪಕ್ಕ ಹಿಡಿದೆ. ಜೊತೆ ಸರಿಹೋಯಿತು.

ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಕೂತೆ. ಜಪಮಣಿ ಒಂದೂ ಮುಂದೆ ಸರಿಯಲಿಲ್ಲ. ನಾನು ಪ್ರಾರ್ಥನೆಗೆ ಕೂತರೆ ಹೇಗಿರುತ್ತೇನೆ ಎಂಬ ವಿಷಯವನ್ನು ನಮ್ಮಿಬ್ಬರ ನಡುವೆ ಎತ್ತದಿರುವುದೇ ಒಳ್ಳೆಯದು. ಆದರೂ ಎತ್ತುತ್ತೇನೆ, ಏಕೆಂದರೆ ಅದಿಲ್ಲದೆ ಈ ದೂರು ಮುಗಿಯುವುದಿಲ್ಲ. ಆರು ವರ್ಷದ ಹಿಂದೆ ನೀನು ಅಂಗಡಿಯಲ್ಲಿ ನನ್ನೆದುರು ಕೂತು ನನ್ನ ಚಿತ್ರ ಬರೆದೆ. ಕೈಯಲ್ಲಿ ಜಪಮಾಲೆ, ಒಂದು ಕಣ್ಣು ಮುಚ್ಚಿದೆ, ಇನ್ನೊಂದು ತೆರೆದಿದೆ. ಬರೆದದ್ದಲ್ಲದೆ ಅಂಗಡಿಯ ಮುಂದೆ ತೂಗುಹಾಕಿದೆ. ಬೀದಿಯೆಲ್ಲ ನಿಂತು ನಕ್ಕಿತು. "ದೇವರಿಗೊಂದು ಕಣ್ಣು, ಗಿರಾಕಿಗೊಂದು ಕಣ್ಣು" ಎಂದು ಹಾಲಿನವನು ಹೇಳಿದ್ದು ನನ್ನ ಕಿವಿಗೇ ಬಿತ್ತು. ಭಕ್ತಿಯನ್ನು ಬೀದಿಗಿಟ್ಟು ಹಾಸ್ಯ ಮಾಡಿದೆ ಎಂದು ನನಗೆ ಸಿಟ್ಟು ಬಂತು. ಸುಳ್ಳು ಬರೆದಿದ್ದೀಯ, ನಾನು ಎರಡೂ ಕಣ್ಣು ಮುಚ್ಚಿಯೇ ಕೂರುವವಳು ಎಂದೆ. ಕಂಡದ್ದನ್ನೇ ಬರೆದಿದ್ದೇನೆ ಎಂದು ನೀನು ಹಟ ಹಿಡಿದೆ. ಮಾತಿಗೆ ಮಾತು ಬೆಳೆಯಿತು. ಆ ಗಲಾಟೆಯಲ್ಲಿ ಚಿತ್ರ ಹರಿದುಹೋಯಿತು. ನೀನೂ ಹೊರಟುಹೋದೆ.

ಅವತ್ತೇ ನಿಮ್ಮಪ್ಪನಿಂದ ಆಣೆ ಹಾಕಿಸಿಕೊಂಡೆ, ನಿನ್ನ ಸುದ್ದಿಯನ್ನು ಈ ಮನೆಯಲ್ಲಿ ಬಾಯಿ ಬಿಟ್ಟು ಹೇಳಕೂಡದು ಎಂದು. ದೇವರ ಮುಂದೆ ನಿಲ್ಲಿಸಿ ಹಾಕಿಸಿದೆ. ಮುಂದಿನ ವರ್ಷ ನಿನ್ನದೊಂದು ಕಾಗದ ಬಂತು, ನಾನು ಒಡೆಯಲಿಲ್ಲ. ಅಚ್ಚುಕೂಟದಲ್ಲಿ ಕೆಲಸ ಮಾಡುವವನನ್ನು ಮದುವೆಯಾದಳಂತೆ ಎಂದು ಟೈಲರಮ್ಮ ಎಲ್ಲಿಂದಲೋ ತಂದು ಹೇಳಿದಳು. ಅಲ್ಲಿಗೆ ನಿನ್ನ ಸುದ್ದಿ ಮುಗಿಯಿತು. ನಿಮ್ಮಪ್ಪ ಆಣೆ ಮುರಿಯಲಿಲ್ಲ. ಒಂದು ದಿನವೂ ನಿನ್ನ ಹೆಸರೆತ್ತಲಿಲ್ಲ. ನಾನು ಅದಕ್ಕೂ ಅವರನ್ನು ಒಳಗೊಳಗೇ ಬೈದುಕೊಂಡಿದ್ದೇನೆ, ಎಂಥ ಕಲ್ಲು ಮನುಷ್ಯ, ಒಂದು ಸಲವಾದರೂ ಆಣೆ ಮುರಿಯಬಾರದೇ ಎಂದು.

ನಿನ್ನೆ ಸೋಮವಾರ. ನಿಮ್ಮಪ್ಪ ಒಂದು ದೊಡ್ಡ ಗಾಜು ತಲುಪಿಸಲು ಹೋದರು. ಅಂಗಡಿಯ ಬಾಗಿಲನ್ನು ಅರ್ಧ ಎಳೆದೆ. ಚಿತ್ರವನ್ನು ಮೇಜಿನ ಮೇಲೆ ಬೋರಲು ಹಾಕಿ, ಬ್ಲೇಡು ತೆಗೆದುಕೊಂಡು, ದೇವರೇ, ಅಲ್ಲಿ ಯಾವ ಹೆಂಗಸು ಇದ್ದರೂ ಅವಳು ನನಗಿಂತ ಚಿಕ್ಕವಳಾಗಿರದಿರಲಿ ಎಂದು ಬೇಡಿಕೊಂಡೆ. ನಗಬೇಡ. ಅಂಥ ಹೊತ್ತಿನಲ್ಲಿ ಬಾಯಿಗೆ ಬರುವ ಪ್ರಾರ್ಥನೆ ಅಂಥದ್ದೇ. ಟೇಪು ಸೀಳಿದೆ. ಚಿತ್ರವನ್ನು ಮೇಲೆತ್ತಿ ಬೆಳಕಿಗೆ ಹಿಡಿದೆ.

ಹೆಂಗಸು ಇದ್ದಳು.

ಗೋಡೆಯ ಮೇಲೆ, ಕಟ್ಟಿಲ್ಲದ ಒಂದು ಹಾಳೆಯಲ್ಲಿ. ಹಾಳೆ ನಡುವೆ ಹರಿದದ್ದನ್ನು ಜೋಡಿಸಿ ಅಂಟಿಸಿದ ಗುರುತೂ ಕಾಣುವ ಹಾಗೆ ಬರೆದಿದ್ದೀಯ. ಕೈಯಲ್ಲಿ ಜಪಮಾಲೆ. ಒಂದು ಕಣ್ಣು ಮುಚ್ಚಿದೆ, ಒಂದು ತೆರೆದಿದೆ. ಕೆಳಗೆ ಮೂಲೆಯಲ್ಲಿ ಸಹಿಯ ಜಾಗದಲ್ಲಿ ಮಸಿಯ ಹೆಬ್ಬೆಟ್ಟು. ಚಿಕ್ಕಂದಿನಿಂದ ನೀನು ಮುಟ್ಟಿದ ಕಾಗದದ ಮೂಲೆಗೆಲ್ಲ ಅದೇ ಹೆಬ್ಬೆಟ್ಟು. ಮಸಿಗೈ ಎಂದು ನಿಮ್ಮಪ್ಪ ಕರೆದದ್ದೂ ಅದಕ್ಕೇ.

ಆ ಮಗು ಕಣ್ಣು ಹೊಡೆಯುತ್ತಿರಲಿಲ್ಲ ಕಣೇ. ಅದು ಅಜ್ಜಿಯನ್ನು ಅಣಕಿಸುತ್ತಿತ್ತು.

ಅಜ್ಜಿ ಎಂದು ನಾನೇ ಬರೆದುಬಿಟ್ಟೆ. ಇರಲಿ, ಹೊಡೆದುಹಾಕುವುದಿಲ್ಲ.

ಆರು ವರ್ಷ ನಾನು ಆ ಮನೆಯ ಗೋಡೆಯ ಮೇಲಿದ್ದೆ, ನನಗೇ ಗೊತ್ತಿರಲಿಲ್ಲ. ಒಂದು ಮಗು ನನ್ನ ಮುಖ ನೋಡಿ ನಕ್ಕು ದೊಡ್ಡದಾಗಿದೆ, ಇನ್ನೊಂದೂ ಹಾಗೇ ದೊಡ್ಡದಾಗಲಿದೆ. ಬೀದಿ ನಕ್ಕಾಗ ಬಂದ ಸಿಟ್ಟನ್ನು ಹುಡುಕಿದೆ, ಸಿಗಲಿಲ್ಲ. ಆ ಮಗುವಿನ ನಗು ಬೇರೆ.

ಆಮೇಲೆ ನಿಮ್ಮಪ್ಪನ ಲೆಕ್ಕಾಚಾರ ತಿಳಿಯಿತು. ಬಾಯಿ ಬಿಟ್ಟು ಹೇಳುವುದಿಲ್ಲ ಎಂದು ಆಣೆ ಮಾಡಿದ್ದರು, ತೋರಿಸುವುದಿಲ್ಲ ಎಂದು ಮಾಡಿರಲಿಲ್ಲ. ನಿನ್ನ ಹೆಬ್ಬೆಟ್ಟು ಮೊದಲೇ ಕಂಡಿದ್ದರೆ ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದೆ, ಅದು ಅವರಿಗೆ ಗೊತ್ತು. ಯಾರ ಮಕ್ಕಳು ಎಂದು ತಿಳಿಯುವ ಮುಂಚೆ ಮಕ್ಕಳನ್ನು ನೋಡಲಿ ಎಂದು ಮುಚ್ಚಿದ್ದರು. ಮೂರು ಬೆರಳಗಲ ಮುಚ್ಚಿದರೆ ಇವಳು ತೆರೆಯದೆ ಬಿಡುವವಳಲ್ಲ ಎಂದೂ ಗೊತ್ತಿರಬೇಕು. ಇದರಲ್ಲಿ ನಿನ್ನ ಕೈವಾಡ ಎಷ್ಟು ಎಂಬುದು ನನಗಿನ್ನೂ ಅನುಮಾನ. ಆ ಮಗುವಿನ ಕಣ್ಣನ್ನು ರಟ್ಟಿನ ಕಡೆಗೆ ತಿರುಗಿಸಿದವಳು ನೀನೇ ಅಲ್ಲವೇ? ನಿಜ ಹೇಳು.

ಟೇಪನ್ನು ಇದ್ದ ಹಾಗೇ ಅಂಟಿಸಿ ತೂಗುಹಾಕಿದೆ. ಅವರು ಬಂದರು. ಬೆವರು ಒರೆಸಿಕೊಳ್ಳುತ್ತಾ ಚಿತ್ರದ ಕಡೆ ನೋಡಿ, ನನ್ನ ಕಡೆ ನೋಡದೆ, "ಹೇಗಿದೆ ಕಣೇ?" ಎಂದರು. ಕಿಟಕಿ ಸೊಟ್ಟ ಕೊಯ್ದಿದ್ದೀರಿ, ನಾನೇ ಬೇರೆ ಕೊಯ್ಯುತ್ತೇನೆ ಎಂದೆ. "ಬಲಗಡೆ ಎಷ್ಟು ಮುಚ್ಲಿ?" ಎಂದು ಕೇಳಿದೆ. ಅವರ ಕೈಯಲ್ಲಿದ್ದ ಟವಲು ಅಲ್ಲೇ ನಿಂತಿತು. "ನಿನಗೆ ಸರಿ ಕಂಡಷ್ಟು" ಎಂದರು. ಅಷ್ಟೇ. ಒಳಗೆ ಹೋಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು. ನೆಗಡಿಯಂತೆ.

ಈಗ ಅದು ಹೊಸ ರಟ್ಟಿನಲ್ಲಿದೆ. ನಾಲ್ಕೂ ಕಡೆ ಉಗುರಗಲ, ಒಂದು ನೂಲಿನಷ್ಟೂ ಹೆಚ್ಚಿಲ್ಲ. ನಿನ್ನ ಹೆಬ್ಬೆಟ್ಟು ಪೂರ್ತಿ ಕಾಣುತ್ತದೆ. ಚಿತ್ರ ಹೇಗಿದೆ ಎಂಬ ಪ್ರಶ್ನೆಗೆ ನನ್ನ ಉತ್ತರ ಅದೇ ಎಂದು ತಿಳಿದುಕೋ.

ನಿನ್ನ ವಿಳಾಸ ನನ್ನ ಬಳಿ ಇಲ್ಲ, ಅವರನ್ನು ಕೇಳುವುದಿಲ್ಲ. ಆದ್ದರಿಂದ ಈ ಕಾಗದವನ್ನು ಮಡಿಸಿ ಚಿತ್ರದ ಹಿಂದೆ, ಹಿಂಬದಿಯ ಹಲಗೆಯ ಒಳಗೆ ಇಡುತ್ತೇನೆ. ನನ್ನಿಂದ ಮೂರು ಬೆರಳಗಲ ಮುಚ್ಚಿಟ್ಟವರು ಗುರುವಾರ ತಮಗೇ ಗೊತ್ತಿಲ್ಲದೆ ಇದನ್ನು ಹೊತ್ತು ತರುತ್ತಾರೆ. ಹಿಂದುಗಡೆ ಕೆಳಗಿನ ಮೂಲೆಯಲ್ಲಿ ಟೇಪು ಅಂಟಿಸದೆ ಬಿಟ್ಟಿದ್ದೇನೆ. ನಾನು ಮೂಲೆ ಬಿಡುವವಳಲ್ಲ ಎಂದು ಈ ಅಂಗಡಿಯಲ್ಲಿ ಬೆಳೆದ ನಿನಗೆ ಗೊತ್ತು, ಕಂಡ ಕೂಡಲೇ ಕೈ ಹಾಕುತ್ತೀಯ. ಕ್ಲಿಪ್ಪನ್ನು ಅವರ ಜೇಬಿಗೇ ವಾಪಸ್ಸು ಹಾಕಿದ್ದೇನೆ, ತೆಗೆದುಕೊಂಡು ಅದರ ಒಡತಿಗೆ ಕೊಡು.

ಆಣೆಯನ್ನು ಹಿಂದಕ್ಕೆ ತೆಗೆದುಕೊಂಡೆ ಎಂದು ಇವತ್ತು ಬೆಳಿಗ್ಗೆ ದೇವರಿಗೆ ಹೇಳಿದ್ದೇನೆ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಒಂದೂವರೆ ವರ್ಷ ನನಗೆ ಮರದ ಪಟ್ಟಿಯ ಕತೆ ಹೇಳಿದ್ದಾರೆ, ಇನ್ನೆರಡು ದಿನ ಒದ್ದಾಡಲಿ. ಈ ಗುರುವಾರ ಕಳೆದು ಮುಂದಿನ ಗುರುವಾರ ಪಟ್ಟಿ ಹೊರಲು ಇಬ್ಬರು ಬೇಕಾಗಬಹುದು. ನೀನು ಬೇಡ ಎಂದರೆ ಬರುವುದಿಲ್ಲ. ಬೇಕು ಎಂದರೆ, ನಿಮ್ಮಪ್ಪನ ಅಂಗಿಯ ತೋಳಿಗೆ ಒಂದು ಮಸಿಯ ಹೆಬ್ಬೆಟ್ಟು ಒತ್ತಿ ಕಳಿಸು. ಒಗೆಯುವವಳು ನಾನೇ, ಕಾಣದೆ ಇರುವುದಿಲ್ಲ.

ಕೂಸು ಬೋರಲು ಮಲಗಿದಾಗ ಮುಖ ಒಂದು ಕಡೆ ತಿರುಗಿಸು. ಚಿತ್ರದಲ್ಲಿ ಮುಖ ಕಾಣುವುದಿಲ್ಲ, ನನಗೆ ಅದೇ ಯೋಚನೆ.

ಇಷ್ಟು ಬರೆದು ಕೈ ನಿಲ್ಲಿಸಿದ,
ನಿನ್ನ ಅಮ್ಮ

ಮತ್ತೊಂದು ಮಾತು: ಮೇಲೆ, ಆ ಚಿತ್ರ ಹರಿದುಹೋಯಿತು ಎಂದು ಬರೆದಿದ್ದೇನೆ. ಕಾಗದ ತಾನಾಗಿ ಹರಿಯುವುದಿಲ್ಲ. ನಾನು ಹರಿದೆ. ಮರುದಿನ ಬೆಳಿಗ್ಗೆ ಕಸದ ಬುಟ್ಟಿಯಲ್ಲಿ ಆ ಚೂರುಗಳನ್ನು ಹುಡುಕಿದವಳೂ ನಾನೇ, ಸಿಗಲಿಲ್ಲ. ನನಗಿಂತ ಮುಂಚೆ ಎತ್ತಿಕೊಂಡು ಹೋದವಳು ನೀನೇ ಎಂದು ಈಗ ಗೊತ್ತಾಯಿತು. ನೀನು ಸುಳ್ಳು ಬರೆದಿರಲಿಲ್ಲ, ನನ್ನ ಕಣ್ಣು ತೆರೆದೇ ಇತ್ತು. ಆದರೆ ಹಾಲಿನವನು ಹೇಳಿದ ಹಾಗೆ ಗಿರಾಕಿಯ ಮೇಲಲ್ಲ. ಅವತ್ತು ನೀನು ಎಲ್ಲಿ ಕೂತು ಬರೆಯುತ್ತಿದ್ದೆ, ನೆನಪು ಮಾಡಿಕೋ. ಆಮೇಲೆ ಆ ಕಣ್ಣು ಯಾರನ್ನು ನೋಡುತ್ತಿದೆ ಎಂದು ಇನ್ನೊಂದು ಸಲ ನೋಡು. ಮತ್ತೆ ಆ ಹಾಳೆಯ ಉದ್ದ, ಅಗಲ ಬರೆದು ಕಳಿಸು. ಗೋಡೆಯ ಮೇಲೆ ಕಟ್ಟಿಲ್ಲದೆ ನೇತುಹಾಕಿದ್ದೀಯ, ಯಾರ ಮಗಳು ಎಂದು ಜನ ಕೇಳಿದರೆ ಏನು ಹೇಳುತ್ತೀಯ?